ನಮ್ಮ ಕ್ಲಬ್ಬಿನ ರಕ್ತದ ಪುಸ್ತಕ

ಕಳೆದ ತಿಂಗಳು ನಮ್ಮೂರ ಕ್ಲಬ್ಬಿನ ಮಹಾಸಭೆ ನಡೆಯಿತು. ಲೆಕ್ಕಪತ್ರ ಓದಿ ಆಯಿತು, ಹೊಸ ಪದಾಧಿಕಾರಿಗಳ ಆಯ್ಕೆಯೂ ಆಯಿತು. ಚಹಾ ಬರುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಕಾಕ, ಆ ರಕ್ತದ ಪುಸ್ತಕ ಇನ್ನು ಯಾಕೆ? ವಾಟ್ಸಾಪ್ ಗ್ರೂಪ್ ಇದೆಯಲ್ಲ. ಒಂದು ಮೆಸೇಜ್ ಹಾಕಿದರೆ ಹತ್ತು ನಿಮಿಷದಲ್ಲಿ ಜನ ಸಿಗುತ್ತಾರೆ" ಎಂದ. ಕೆಲವರು ನಕ್ಕರು. ಕೆಲವರು ನನ್ನ ಮುಖ ನೋಡಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಪುಸ್ತಕ ನನ್ನ ಕೈಯಲ್ಲಿತ್ತು.

ಅವನ ಪ್ರಶ್ನೆ ತಪ್ಪಲ್ಲ. ಆದರೆ ಸಭೆಯಲ್ಲಿ ಎರಡು ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ. ಆ ಪುಸ್ತಕ ಯಾಕೆ ಬಂತು, ಅದರಲ್ಲಿ ಏನಿದೆ ಎಂದು ಹೇಳಬೇಕಾದರೆ ನಮ್ಮ ಮಂಜೇಶ್ವರ ಸೀಮೆಯ ಕತೆಯನ್ನೇ ಸ್ವಲ್ಪ ಹೇಳಬೇಕು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಉಪ್ಪಳಕ್ಕೂ ತಲಪಾಡಿಗೂ ನಡುವೆ ಇದೆ. ನಮ್ಮ ಹಿರಿಯರಿಗೆ ಪೇಟೆ ಎಂದರೆ ಮಂಗಳೂರು, ಕೋರ್ಟು ಎಂದರೆ ಮಂಗಳೂರು, ದೊಡ್ಡಾಸ್ಪತ್ರೆ ಎಂದರೆ ವೆನ್ಲಾಕ್. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ಮುಂದೆ 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಗುವ ತನಕ ನಾವು ಕಣ್ಣೂರು ಜಿಲ್ಲೆಯವರು. ಜಿಲ್ಲಾ ಕಚೇರಿಗೆ ಹೋಗಬೇಕಾದರೆ ನೂರು ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ, ಹೆರಿಗೆಗೆ ಹೋಗಬೇಕಾದರೆ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ಉತ್ತರಕ್ಕೆ. ಕಾಗದದ ದಾರಿ ಒಂದು ಕಡೆ, ಜೀವದ ದಾರಿ ಇನ್ನೊಂದು ಕಡೆ. ರಾಜ್ಯ ಬದಲಾದರೂ ರೋಗಿಗಳು ಹೋಗುವ ದಾರಿ ಬದಲಾಗಲಿಲ್ಲ.

ನಮ್ಮ ಕ್ಲಬ್ ಹುಟ್ಟಿದ್ದು ಕಾಸರಗೋಡು ಜಿಲ್ಲೆಯಾದ ಮರುವರ್ಷ. ಆಗ ನಾನು ಶಾಲೆಗೆ ಹೋಗುವ ಹುಡುಗ. ನಮ್ಮಲ್ಲಿ ಎಲ್ಲ ಊರಿನಲ್ಲೂ ಇರುವ ಹಾಗೆ ಇದೂ ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್. ವಾಲಿಬಾಲ್ ನೆಟ್ ಒಂದು, ಕೇರಂ ಬೋರ್ಡ್ ಒಂದು, ಅಂಗಡಿಯ ಮೇಲಿನ ಒಂದು ಕೋಣೆ. ಮೇಜಿನ ಮೇಲೆ ಒಂದು ಕನ್ನಡ ಪೇಪರ್, ಒಂದು ಮಲಯಾಳ ಪೇಪರ್. 1860ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಒಂದು ಸಂಘಕ್ಕೆ ಕನಿಷ್ಠ ಏಳು ಜನ ಬೇಕು. ನಮ್ಮ ನೋಂದಣಿ ಕಾಗದದಲ್ಲಿ ಸರಿಯಾಗಿ ಏಳೇ ಜನ ಇದ್ದಾರೆ. ಮೂವರ ಸಹಿ ಕನ್ನಡದಲ್ಲಿದೆ, ಇಬ್ಬರದು ಮಲಯಾಳದಲ್ಲಿ, ಒಬ್ಬರದು ಇಂಗ್ಲಿಷಿನಲ್ಲಿ, ಒಬ್ಬರದು ಹೆಬ್ಬೆಟ್ಟು. ಬ್ಯಾರಿಗಳೇ ಹೆಚ್ಚು. ಆದರೆ ತುಳು ಮಾತನಾಡುವ ಒಬ್ಬ ಬಡಗಿಯೂ ಕೊಂಕಣಿ ಮನೆಮಾತಿನ ಒಬ್ಬ ಅಂಗಡಿಯವರೂ ಆ ಏಳರಲ್ಲಿ ಇದ್ದಾರೆ.

ಮೊದಲ ವರ್ಷಗಳ ಸೇವೆ ಎಂದರೆ ದೊಡ್ಡ ಹೆಸರಿನದ್ದೇನೂ ಅಲ್ಲ. ಮದುವೆ ಮನೆಗೆ ಕುರ್ಚಿ, ಚೆಂಬು, ದೊಡ್ಡ ಪಾತ್ರೆ ಒದಗಿಸುವುದು. ಮಳೆಗಾಲಕ್ಕೆ ಮುಂಚೆ ಶ್ರಮದಾನ ಮಾಡಿ ತೋಡಿನ ಹೂಳು ತೆಗೆಯುವುದು. ಮರಣವಾದ ಮನೆಗೆ ಗ್ಯಾಸ್‌ಲೈಟ್ ಕೊಂಡೊಯ್ಯುವುದು, ಪಳ್ಳಿಯ ಹಿತ್ತಲಿನಲ್ಲಿ ಖಬರ್ ತೋಡುವವರಿಗೆ ಕೈಜೋಡಿಸುವುದು. ಇದೆಲ್ಲಕ್ಕಿಂತ ಹೆಚ್ಚು ಜನ ಬರುತ್ತಿದ್ದದ್ದು ಕಾಗದ ಬರೆಸಲು. ಗಲ್ಫಿನಲ್ಲಿದ್ದ ಮಕ್ಕಳಿಗೆ ಕಾಗದ ಬರೆಯಿಸಲು ಉಮ್ಮಂದಿರು ಬರುತ್ತಿದ್ದರು. ಮದ್ರಸದಲ್ಲಿ ಕಲಿತ ಅರಬಿ-ಮಲಯಾಳ ಲಿಪಿ ಅವರಲ್ಲಿ ಹಲವರಿಗೆ ಚೆನ್ನಾಗಿ ಬರುತ್ತಿತ್ತು, ಆದರೆ ಮಗ ಕಲಿತದ್ದು ಕನ್ನಡ ಶಾಲೆಯಲ್ಲಿ. ಉಮ್ಮ ಬ್ಯಾರಿಯಲ್ಲಿ ಹೇಳಬೇಕು, ಕ್ಲಬ್ಬಿನ ಹುಡುಗ ಕನ್ನಡದಲ್ಲಿ ಬರೆಯಬೇಕು. ರೇಶನ್ ಕಾರ್ಡಿನ ಅರ್ಜಿ ಬಂದರೆ ಅದು ಮಲಯಾಳದಲ್ಲಿ. ಒಂದೇ ಮೇಜಿನಲ್ಲಿ ಮೂರು ಭಾಷೆಯ ಕೆಲಸ ನಡೆಯುತ್ತಿತ್ತು.

ರಕ್ತದ ವಿಷಯ ಬಂದದ್ದು 1997ರಲ್ಲಿ. ನಮ್ಮೂರಿನ ಒಬ್ಬ ಲಾರಿ ಡ್ರೈವರ್ ಕಾಕನಿಗೆ ಮಂಗಳೂರಿನಲ್ಲಿ ತುರ್ತು ಶಸ್ತ್ರಚಿಕಿತ್ಸೆ ಆಯಿತು. ರಕ್ತ ಬೇಕು ಎಂದರು. ಆ ಕಾಲದಲ್ಲಿ ಹಣ ತೆಗೆದುಕೊಂಡು ರಕ್ತ ಕೊಡುವವರಿದ್ದರು. ಮನೆಯವರು ಸಾಲ ಮಾಡಿ ಅಂಥವರಿಗೇ ಕೊಟ್ಟರು. ನಾವು ಹತ್ತು-ಹನ್ನೆರಡು ಹುಡುಗರು ವರಾಂಡದಲ್ಲಿ ನಿಂತಿದ್ದೆವು. ನಮ್ಮ ಗುಂಪು ಯಾವುದೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸೂಜಿಯ ಹೆದರಿಕೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಆ ಹೊತ್ತಿಗಾಗಲೇ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. 1996ರ ಆ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ದೇಶದಲ್ಲಿ ಹಣಕ್ಕೆ ರಕ್ತ ಕೊಡುವುದು ನಿಂತಿತು. ಒಳ್ಳೆಯದೇ ಆಯಿತು. ಆದರೆ ಇನ್ನು ಮುಂದೆ ರಕ್ತ ಬೇಕಾದರೆ ಮನುಷ್ಯರೇ ಬರಬೇಕು. 1998ರ ಮಳೆಗಾಲದಲ್ಲಿ ನಾವು ಒಂದು ಉದ್ದ ಲೆಡ್ಜರ್ ಪುಸ್ತಕ ತಂದೆವು. ಮಂಗಳೂರಿಗೆ ಹೋಗಿ ಗುಂಪು ಪರೀಕ್ಷೆ ಮಾಡಿಸಿಕೊಂಡು ಬಂದವರ ಹೆಸರು ಬರೆದೆವು. ಮೊದಲ ಪುಟದಲ್ಲಿ 23 ಹೆಸರು. ಹೆಸರು, ಮನೆ, ರಕ್ತದ ಗುಂಪು, ಕರೆದರೆ ಸಿಗುವ ಫೋನ್, ಕೊನೆಗೆ ಕೊಟ್ಟ ತಾರೀಕು. ಫೋನ್ ಎಂದರೆ ಆಗ ಪಕ್ಕದ ಮನೆಯದ್ದು, ಇಲ್ಲದಿದ್ದರೆ ಎಸ್‌ಟಿಡಿ ಬೂತಿನದ್ದು.

ಕೊನೆಗೆ ಕೊಟ್ಟ ತಾರೀಕಿನ ಆ ಅಂಕಣವೇ ಪುಸ್ತಕದ ಜೀವ. ಗಂಡಸರು ಒಮ್ಮೆ ರಕ್ತ ಕೊಟ್ಟರೆ ಮೂರು ತಿಂಗಳು ಕಾಯಬೇಕು, ಹೆಂಗಸರು ಈಗಿನ ನಿಯಮದ ಪ್ರಕಾರ ನಾಲ್ಕು ತಿಂಗಳು. ವಯಸ್ಸು 18ರಿಂದ 65ರ ಒಳಗೆ ಇರಬೇಕು, ತೂಕ ಕನಿಷ್ಠ 45 ಕಿಲೋ ಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಮಲೇರಿಯಾ ಬಂದು ವಾಸಿಯಾದವರೂ ಮೂರು ತಿಂಗಳು ಕಾಯಬೇಕು. ಮಂಗಳೂರಿನಲ್ಲಿ ಕೆಲಸಕ್ಕೆ ಹೋಗುವ ನಮ್ಮವರಿಗೆ ಮಲೇರಿಯಾ ಎಷ್ಟು ಸಲ ಬರುತ್ತಿತ್ತು ಎಂಬುದು ನಿಮಗೂ ನೆನಪಿರಬಹುದು. ಆ ವರ್ಷಗಳ ಪುಟಗಳಲ್ಲಿ 'ಮಲೇರಿಯಾ' ಎಂದು ಪೆನ್ಸಿಲಿನಲ್ಲಿ ಬರೆದದ್ದು ತುಂಬಾ ಇದೆ.

ಪೆನ್ಸಿಲಿನಲ್ಲಿ ಬರೆದ ಇನ್ನೊಂದು ಮಾತು 'ಗಲ್ಫ್'. 23 ಹೆಸರುಗಳಲ್ಲಿ ಹದಿಮೂರರ ಮುಂದೆ ಐದಾರು ವರ್ಷದಲ್ಲಿ ಆ ಮಾತು ಬಂತು. ಕೆಲವರ ಮುಂದೆ 'ರಜೆ, ಜೂನ್ ವರೆಗೆ' ಎಂದಿದೆ. ರಜೆಯಲ್ಲಿ ಬಂದವನು ಉಮ್ಮನನ್ನು ನೋಡಿ, ಮಗುವಿಗೆ ಮಿಠಾಯಿ ಕೊಟ್ಟು, ಒಂದು ದಿನ ಮಂಗಳೂರಿಗೆ ಹೋಗಿ ರಕ್ತ ಕೊಟ್ಟು ಹೋಗುತ್ತಿದ್ದ. 2011ರಲ್ಲಿ ಸೌದಿಯಲ್ಲಿ ನಿತಾಖತ್ ಬಂದ ಮೇಲಿನ ವರ್ಷಗಳಲ್ಲಿ 'ಗಲ್ಫ್' ಎಂದು ಬರೆದದ್ದನ್ನು ರಬ್ಬರಿನಿಂದ ಅಳಿಸಿದ ಗುರುತು ಕಾಣುತ್ತದೆ. ಅವರು ಊರಿಗೆ ವಾಪಸಾದವರು. ನಮ್ಮೂರಿನಿಂದ ಯಾರು ಹೋದರು, ಯಾರು ಬಂದರು ಎಂಬ ಲೆಕ್ಕ ಬೇರೆ ಎಲ್ಲಿಯೂ ಹೀಗೆ ಸಿಗಲಿಕ್ಕಿಲ್ಲ.

ಈ ಪುಸ್ತಕ ನಮಗೆ ಪಾಠ ಕಲಿಸಿದ್ದು ಒಂದು ಮಗುವಿನಿಂದ. 2004ರಲ್ಲಿ ನಮ್ಮ ಪಕ್ಕದ ಓಣಿಯ ಒಂದು ಗಂಡು ಮಗುವಿಗೆ ಥಲಸ್ಸೀಮಿಯಾ ಎಂದು ಗೊತ್ತಾಯಿತು. ಅಂಥ ಮಕ್ಕಳ ದೇಹಕ್ಕೆ ಸಾಕಷ್ಟು ಒಳ್ಳೆಯ ರಕ್ತ ತಯಾರಿಸಲು ಆಗುವುದಿಲ್ಲ. ಹೊರಗಿನಿಂದ ಕೊಡುತ್ತಲೇ ಇರಬೇಕು. ಇವನಿಗೆ ಮೂರು ವಾರಕ್ಕೊಮ್ಮೆ. ಅಂದರೆ ವರ್ಷಕ್ಕೆ 17 ಸಲ. ಗುಂಪು ಬಿ ನೆಗೆಟಿವ್. ನಮ್ಮ ದೇಶದಲ್ಲಿ ನೂರು ಜನರಲ್ಲಿ ನೆಗೆಟಿವ್ ಇರುವವರು ಐವರ ಆಸುಪಾಸು, ಅದರಲ್ಲಿ ಬಿ ಇನ್ನೂ ಕಡಿಮೆ. ಹತ್ತಿರದ ರಕ್ತಸಂಬಂಧಿಗಳ ರಕ್ತ ಆದಷ್ಟು ಬೇಡ ಎಂದು ಡಾಕ್ಟರರು ಹೇಳಿದ್ದರು. ಒಬ್ಬ ಗಂಡಸು ವರ್ಷಕ್ಕೆ ನಾಲ್ಕೇ ಸಲ ಕೊಡಬಹುದು. 17ನ್ನು 4ರಿಂದ ಭಾಗಿಸಿ ನೋಡಿ. ಆ ಒಂದು ಮಗುವಿಗೆ ಕನಿಷ್ಠ ಐವರು ಬೇಕು, ಅವರು ಒಬ್ಬರ ನಂತರ ಒಬ್ಬರು ಬರಬೇಕು. ಪುಸ್ತಕದಲ್ಲಿ ಆರು ಮಂದಿ ಇದ್ದರು. ಅವರಿಗಾಗಿ ಬೇರೆಯೇ ಒಂದು ಪುಟ ಮಾಡಿ ಸರದಿ ಬರೆದೆವು. ಮಗುವಿನ ಉಪ್ಪ ಪ್ರತಿ ಮೂರನೇ ವಾರ ಬಂದು ಬಾಗಿಲ ಬಳಿ ನಿಲ್ಲುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ನಾನು ಪುಟ ತಿರುಗಿಸಿ ಹೆಸರು ಹೇಳುತ್ತಿದ್ದೆ.

2008ರಲ್ಲಿ ನಾವು ಒಂದು ತಪ್ಪು ಮಾಡಿದೆವು. ತಪ್ಪು ಎನ್ನುವುದಕ್ಕಿಂತ ಹುಮ್ಮಸ್ಸು ಎನ್ನಬಹುದು. ಆಗಸ್ಟ್ 15ಕ್ಕೆ ದೊಡ್ಡ ರಕ್ತದಾನ ಶಿಬಿರ ಇಟ್ಟೆವು. ಬ್ಯಾನರ್, ಮೈಕ್, ಅತಿಥಿಗಳು, ಜ್ಯೂಸ್. ಇದ್ದವರೆಲ್ಲ ಸಾಲಿನಲ್ಲಿ ನಿಂತು ಕೊಟ್ಟರು. ಪೇಪರಿನಲ್ಲಿ ಫೋಟೋ ಬಂತು. ನಾವು ಬಹಳ ಖುಷಿಪಟ್ಟೆವು. ಸೆಪ್ಟೆಂಬರಿನಲ್ಲಿ ರಮಝಾನ್ ಬಂತು. ಎರಡನೇ ವಾರದಲ್ಲಿ ಮಗುವಿನ ಸರದಿ. ಪುಸ್ತಕ ತೆರೆದೆ. ಆರು ಮಂದಿಯಲ್ಲಿ ನಾಲ್ವರು ಶಿಬಿರದಲ್ಲಿ ಕೊಟ್ಟಾಗಿದೆ, ನವೆಂಬರಿನವರೆಗೆ ಅವರನ್ನು ಕೇಳುವಂತಿಲ್ಲ. ಐದನೆಯವನು ಶಾರ್ಜಾದಲ್ಲಿ. ಆರನೆಯವನಿಗೆ ಮಲೇರಿಯಾ. ಶಿಬಿರದ ಕಾರ್ಡುಗಳು ನಮ್ಮ ಕೈಯಲ್ಲಿದ್ದವು, ಆದರೆ ಆ ಗುಂಪಿನ ರಕ್ತ ಆ ದಿನ ಬ್ಯಾಂಕಿನಲ್ಲಿ ಇರಲಿಲ್ಲ. ಕೆಂಪು ರಕ್ತಕಣಗಳನ್ನು 35ರಿಂದ 42 ದಿನದವರೆಗೆ ಇಡಬಹುದು, ಪ್ಲೇಟ್‌ಲೆಟ್ ಆದರೆ ಐದೇ ದಿನ. ಆಗಸ್ಟ್‌ನಲ್ಲಿ ಕೊಟ್ಟದ್ದು ಯಾರಿಗೋ ಉಪಕಾರವಾಗಿತ್ತು, ನಿಜ. ನಮ್ಮ ಮಗುವಿಗೆ ಮಾತ್ರ ಉಳಿದಿರಲಿಲ್ಲ.

ಆ ದಿನ ಇಫ್ತಾರ್ ಮುಗಿಸಿ ನಾವು ನಾಲ್ವರು ಒಂದು ಕಾರಿನಲ್ಲಿ ಹೊರಟೆವು. ದೇರಳಕಟ್ಟೆಯಲ್ಲಿ ಒಬ್ಬರು ನರ್ಸ್ ಅಕ್ಕ ಹೇಳಿದ ಮೇಲೆ ಹಾಸ್ಟೆಲಿನಲ್ಲಿದ್ದ ಒಬ್ಬ ವಿದ್ಯಾರ್ಥಿ ಬಂದ. ಅವನಿಗೆ ನಮ್ಮ ಪರಿಚಯವಿಲ್ಲ. ರಾತ್ರಿ ಹತ್ತೂವರೆಗೆ ರಕ್ತ ಕೊಟ್ಟು, ನಾವು ಕೊಂಡೊಯ್ದ ಖರ್ಜೂರ ತಿಂದು ಹೋದ. ಹಿಂದಿರುಗುವಾಗ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ. ಈದ್ ಕಳೆದ ಮೇಲೆ ಸಭೆ ಕರೆದು ಒಂದು ನಿಯಮ ಬರೆದೆವು: ಯಾವ ಶಿಬಿರದಲ್ಲೂ ಪುಸ್ತಕದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಕೊಡಬಾರದು; ನೆಗೆಟಿವ್ ಗುಂಪಿನವರು ಶಿಬಿರದಲ್ಲಿ ಕೊಡಲೇಬಾರದು, ಅವರು ಸರದಿಗೆ. ರಮಝಾನಿಗೆ ಬೇರೆ ಪಟ್ಟಿ. ನೋಂಬು ಹಿಡಿದವರನ್ನು ಹಗಲಿಗೆ ಕರೆಯುವಂತಿಲ್ಲ, ರಾತ್ರಿಗೆ ಮಾತ್ರ. ಹಗಲಿನ ಅಗತ್ಯಕ್ಕೆ ನಮ್ಮ ತುಳುವ ಗೆಳೆಯರು ಮುಂದೆ ನಿಂತರು. ಅವರ ವ್ರತದ ದಿನಗಳಲ್ಲಿ ನಾವು ನಿಂತೆವು. ಆ ವರ್ಷದಿಂದ ಶಿಬಿರದ ಫೋಟೋ ಚಿಕ್ಕದಾಯಿತು, ಪುಸ್ತಕ ದೊಡ್ಡದಾಯಿತು.

ಮುಂದೆ ಬಂದದ್ದು 2020. ಆ ಮಾರ್ಚ್ ಕೊನೆಯಲ್ಲಿ ಕೇರಳದಲ್ಲೇ ಅತಿ ಹೆಚ್ಚು ಕೋವಿಡ್ ಪ್ರಕರಣ ನಮ್ಮ ಕಾಸರಗೋಡಿನಲ್ಲಿದ್ದವು. ಕರ್ನಾಟಕ ಗಡಿ ಮುಚ್ಚಿತು. ಹಲವು ಒಳರಸ್ತೆಗಳಿಗೆ ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬುಲೆನ್ಸುಗಳು ಹಿಂದೆ ತಿರುಗಿದವು. ಚಿಕಿತ್ಸೆ ಸಿಗದೆ ಜೀವ ಹೋದವರ ಸುದ್ದಿ ದಿನಾ ಪೇಪರಿನಲ್ಲಿ ಬರುತ್ತಿತ್ತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಬೇಕೆಂದು ಕೇಂದ್ರಕ್ಕೆ ಆದೇಶ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಎರಡೂ ರಾಜ್ಯಗಳು ಒಪ್ಪಿವೆ ಎಂದು ಕೇಂದ್ರ ಅಲ್ಲಿ ತಿಳಿಸಿತು.

ನಮ್ಮ ಹುಡುಗನಿಗೆ ಆಗ ಹದಿನಾರು. ಅವನ ಸರದಿ ಮಾರ್ಚ್ 31ಕ್ಕೆ ಇತ್ತು.

ಪುಸ್ತಕ ತೆರೆದಾಗ ನನಗೆ ಮೊದಲ ಸಲ ಒಂದು ವಿಷಯ ಹೊಳೆಯಿತು. ಇಪ್ಪತ್ತೆರಡು ವರ್ಷದ ಪುಸ್ತಕದಲ್ಲಿ ಇದ್ದ ಆಸ್ಪತ್ರೆಗಳ ಫೋನ್ ಎಲ್ಲವೂ ಗಡಿಯ ಆಚೆಯದ್ದು. ಬಿ ನೆಗೆಟಿವ್ ಪುಟದಲ್ಲಿದ್ದವರಲ್ಲಿ ಇಬ್ಬರು ಉಳ್ಳಾಲದಲ್ಲಿ ಮನೆ ಮಾಡಿದ್ದರು, ಒಬ್ಬ ದುಬೈಯಲ್ಲಿ. ನಮ್ಮದೇ ಜಿಲ್ಲೆಯ ದಕ್ಷಿಣದ ಕಡೆಗೆ ಒಂದು ಹೆಸರೂ ಇರಲಿಲ್ಲ. ಅರುವತ್ತು ವರ್ಷ ಕೇರಳದಲ್ಲಿದ್ದರೂ ನಮ್ಮ ಪುಸ್ತಕ ದಕ್ಷಿಣಕ್ಕೆ ಮುಖ ಮಾಡಿರಲಿಲ್ಲ. ಅದಕ್ಕೆ ಸರಕಾರವನ್ನು ದೂರಿ ಪ್ರಯೋಜನವಿಲ್ಲ. ಬರೆದವನು ನಾನೇ.

ಆ ಮೂರು ದಿನ ನಾವು ಫೋನಿನಲ್ಲೇ ಕಳೆದೆವು. ಮಲಯಾಳ ಚೆನ್ನಾಗಿ ಬರುವ ಇಬ್ಬರನ್ನು ಕೂರಿಸಿದೆವು. ಕಾಞಂಗಾಡಿನ ಕಡೆಯ ಒಂದು ಕ್ಲಬ್ಬಿನ ಹುಡುಗರು ಸಿಕ್ಕಿದರು. ಅವರಲ್ಲೂ ನಮ್ಮದೇ ತರದ ಒಂದು ಪುಸ್ತಕ ಇತ್ತು, ಅದು ಮಲಯಾಳದಲ್ಲಿ. ಅದರಲ್ಲಿ ಬಿ ನೆಗೆಟಿವ್ ಒಬ್ಬರು, ಮೀನುಗಾರಿಕೆಯವರು. ದಕ್ಷಿಣದ ಒಂದು ಸರಕಾರಿ ಆಸ್ಪತ್ರೆಯವರು ಒಪ್ಪಿದರು. ಹುಡುಗನ ಫೈಲ್ ಮಂಗಳೂರಿನಲ್ಲಿತ್ತು, ಅಲ್ಲಿನ ಡಾಕ್ಟರರು ಅದರ ಪುಟಗಳ ಫೋಟೋ ತೆಗೆದು ಕಳಿಸಿದರು. ಪೊಲೀಸ್ ಪಾಸ್ ಸಿಕ್ಕಿತು. ಏಪ್ರಿಲ್ 3ರ ಮಧ್ಯಾಹ್ನ ಅವನಿಗೆ ರಕ್ತ ಏರಿತು, ಮೂರು ದಿನ ತಡವಾಗಿ. ಆ ಮೂರು ದಿನದಲ್ಲಿ ಅವನ ತುಟಿ ಬೆಳ್ಳಗಾದದ್ದನ್ನು ನಾನು ನೋಡಿದ್ದೇನೆ. ರಕ್ತ ಕೊಟ್ಟವರ ಮುಖ ನಾನು ನೋಡಿದ್ದು ಮರುವರ್ಷ, ಅವರ ಮಗಳ ಮದುವೆಯಲ್ಲಿ.

ಆ ವರ್ಷ ಪುಸ್ತಕಕ್ಕೆ ಎರಡು ಹೊಸ ಪುಟ ಸೇರಿತು. ಒಂದು ದಕ್ಷಿಣದ ಪುಟ. ಅದೇ ಹೊತ್ತಿಗೆ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ತೆರೆದಿತ್ತು. ನಮ್ಮ ಜಿಲ್ಲೆಯೊಳಗೂ ದಾರಿ ಹುಡುಕಬೇಕು ಎಂಬುದು ಎಲ್ಲರಿಗೂ ಮನದಟ್ಟಾಗಿತ್ತು.

ಇನ್ನೊಂದು ಹೆಂಗಸರ ಪುಟ. ಅಷ್ಟು ವರ್ಷ ಪುಸ್ತಕದಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಅವರು ಬೇಡ ಎಂದಿರಲಿಲ್ಲ, ನಾವು ಕೇಳಿರಲಿಲ್ಲ. ಕ್ಲಬ್ಬಿನ ಕೋಣೆಯ ಮೆಟ್ಟಿಲು ಹತ್ತುವವರು ಗಂಡಸರು ಮಾತ್ರ, ಹಾಗಾಗಿ ಪುಸ್ತಕವೂ ಗಂಡಸರದ್ದೇ ಆಯಿತು. ಕೋವಿಡ್ ಕಾಲದಲ್ಲಿ ಪಂಚಾಯತಿನ ಸಮುದಾಯ ಅಡುಗೆಮನೆಯನ್ನು ನಡೆಸಿದವರು ಕುಟುಂಬಶ್ರೀಯ ಹೆಂಗಸರು. ಊಟದ ಪೊಟ್ಟಣ ಹಂಚಲು ಹೋದ ನಮ್ಮ ಹುಡುಗರನ್ನು ಅವರೇ ಕೇಳಿದರು, "ನಮ್ಮ ಹೆಸರು ಯಾಕಿಲ್ಲ?" 2021ರಲ್ಲಿ ಶಾಲೆಯಲ್ಲಿ ಅವರಿಗಾಗಿ ಶಿಬಿರ ಇಟ್ಟೆವು. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಹಿಂದೆ ಕಳಿಸಬೇಕಾಯಿತು, ಹಿಮೋಗ್ಲೋಬಿನ್ 12.5 ಇರಲಿಲ್ಲ. ಕೆಲವರದ್ದು ಒಂಬತ್ತು. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವವರು ಯಾರು ಎಂದು ಆ ದಿನ ಅಂಕಿಯಲ್ಲಿ ಕಂಡಿತು. ಹಿಂದೆ ಹೋದವರ ಹೆಸರನ್ನೂ ಬರೆದಿಟ್ಟೆವು. ಆಶಾ ಕಾರ್ಯಕರ್ತೆಯರು ಆರೋಗ್ಯ ಕೇಂದ್ರದಿಂದ ಕಬ್ಬಿಣದ ಮಾತ್ರೆ ತಲುಪಿಸಿದರು. ಆರು ತಿಂಗಳ ನಂತರ ಏಳು ಮಂದಿ ತಾವಾಗಿ ಬಂದು ಕೊಟ್ಟರು. ನನ್ನನ್ನು ಕೇಳಿದರೆ, ನಮ್ಮ ಕ್ಲಬ್ ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಅದರ ಫೋಟೋ ಯಾರಲ್ಲೂ ಇಲ್ಲ.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ವಾಟ್ಸಾಪ್ ಬೇಡ ಎಂದು ನಾನು ಹೇಳುವುದಿಲ್ಲ. ಅಪಘಾತದ ರಾತ್ರಿ ಅದರಿಂದ ಉಪಕಾರವಿದೆ. ಆದರೆ ಮೆಸೇಜ್ ಎಲ್ಲರನ್ನೂ ಒಟ್ಟಿಗೆ ಕರೆಯುತ್ತದೆ, ಪುಸ್ತಕ ಒಬ್ಬನನ್ನು ಕರೆಯುತ್ತದೆ. ಎಲ್ಲರನ್ನೂ ಕರೆದಾಗ ಬೇರೆ ಯಾರಾದರೂ ಹೋಗುತ್ತಾರೆ ಎಂದು ನಾವು ಸುಮ್ಮನಿರುತ್ತೇವೆ. ಇಲ್ಲವೇ ಹದಿನೈದು ಜನ ಹೋಗಿ, ಮೂರು ತಿಂಗಳು ಊರು ಬರಿದಾಗುತ್ತದೆ. ರೋಗಿ ಗುಣವಾಗಿ ಮನೆಗೆ ಬಂದು ಎರಡು ವರ್ಷವಾದರೂ 'ತುರ್ತು' ಎಂಬ ಮೆಸೇಜ್ ತಿರುಗುತ್ತಲೇ ಇರುತ್ತದೆ.

ಇನ್ನೊಂದು ಕಾರಣವಿದೆ. ಕೊಟ್ಟ ರಕ್ತವನ್ನು ಬ್ಯಾಂಕಿನವರು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷೆ ಮಾಡುತ್ತಾರೆ. ಏನಾದರೂ ಇದ್ದರೆ ಅವನನ್ನೇ ಕರೆದು ಹೇಳುತ್ತಾರೆ. ಹಲವು ವರ್ಷದ ಹಿಂದೆ ಒಬ್ಬ ಗೆಳೆಯ ರಾತ್ರಿ ನನ್ನ ಮನೆಗೆ ಬಂದು, "ಇನ್ನು ನನ್ನನ್ನು ಕರೆಯಬೇಡ" ಎಂದ. ಯಾಕೆಂದು ನಾನು ಕೇಳಲಿಲ್ಲ. ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ದೂರ' ಎಂದು ಬರೆದೆ. ದೂರದ ಊರಿನಲ್ಲಿ ಕೆಲಸ ಎಂದು ನೋಡಿದವರು ತಿಳಿದರು. ಅವನು ಚಿಕಿತ್ಸೆ ಮಾಡಿಸಿಕೊಂಡು, ಮದುವೆ ಮಾಡಿದ ಮಗಳ ಮಕ್ಕಳನ್ನು ಆಡಿಸಿಕೊಂಡು ಊರಿನಲ್ಲೇ ಇದ್ದಾನೆ. ಇನ್ನೂರು ಜನರ ಫೋನಿನಲ್ಲಿ ಇರುವ ಪಟ್ಟಿಯಿಂದ ಅವನ ಹೆಸರು ಒಂದು ದಿನ ಮಾಯವಾಗಿದ್ದರೆ ಏನಾಗುತ್ತಿತ್ತು ಎಂದು ನೀವೇ ಯೋಚಿಸಿ. ರಕ್ತ ಕೊಡುವುದು ಸೇವೆ ಎಂದು ಎಲ್ಲರೂ ಹೇಳುತ್ತೇವೆ. ಕೊಡಲಾಗದವನ ಮಾನ ಉಳಿಸುವುದೂ ಸೇವೆಯೇ.

ಈ ಮಾತುಗಳನ್ನು ಮಹಾಸಭೆಯ ಮರುವಾರ ಆ ಹುಡುಗನಿಗೆ ಹೇಳಿದೆ. 'ದೂರ' ಎಂಬುದರ ಅರ್ಥವನ್ನೂ ಹೇಳಿದೆ, ಯಾರದ್ದೆಂದು ಹೇಳಲಿಲ್ಲ. ಅವನು ಬಹಳ ಹೊತ್ತು ಪುಟ ತಿರುಗಿಸುತ್ತಾ ಕುಳಿತ. ತನ್ನ ಉಪ್ಪನ ಹೆಸರು ಸಿಕ್ಕಿತು: ಓ ಪಾಸಿಟಿವ್, ಹದಿನಾಲ್ಕು ಸಲ. "ಉಪ್ಪ ನಮಗೆ ಹೇಳಲೇ ಇಲ್ಲ" ಎಂದ.

ಕಾರ್ಯಕಾರಿ ಸಮಿತಿ ಈಗ ಹೀಗೆ ತೀರ್ಮಾನಿಸಿದೆ. ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವುದು, ಆದರೆ ಒಬ್ಬನ ಕೈಯಲ್ಲಿ ಮಾತ್ರ ಇರುವುದು. ಹೆಂಗಸರ ಪಟ್ಟಿ ಹೆಂಗಸರದ್ದೇ ಕೈಯಲ್ಲಿ. ಹಳೆಯ ಪುಸ್ತಕಗಳನ್ನು ಗೆದ್ದಲು ಹಿಡಿಯದ ಹಾಗೆ ಕಬ್ಬಿಣದ ಪೆಟ್ಟಿಗೆಯಲ್ಲಿಡುವುದು. ಸರದಿ ನೋಡುವ ಕೆಲಸಕ್ಕೆ ಪ್ರಶ್ನೆ ಕೇಳಿದ ಹುಡುಗನನ್ನೇ ಹಾಕಿದ್ದೇವೆ.

ನಿಮ್ಮ ಊರಿನ ಕ್ಲಬ್ಬಿನಲ್ಲೂ ಇಂಥ ಹಳೆಯ ಪುಸ್ತಕಗಳಿರಬಹುದು. ಪಾತ್ರೆ ಕೊಟ್ಟ ಲೆಕ್ಕ, ಶ್ರಮದಾನಕ್ಕೆ ಬಂದವರ ಹೆಸರು, ಕಾಗದ ಬರೆದುಕೊಟ್ಟ ಲೆಕ್ಕ. ದಯವಿಟ್ಟು ಗುಜರಿಗೆ ಹಾಕಬೇಡಿ. ಬ್ಯಾರಿಗಳ ಚರಿತ್ರೆ ಎಂದರೆ ಹಡಗು, ವ್ಯಾಪಾರ, ದೊಡ್ಡ ಮನೆತನಗಳ ಕತೆ ಮಾತ್ರ ಎಂದು ನಾವು ತಿಳಿದಿದ್ದೇವೆ. ಮೂರನೇ ವಾರಕ್ಕೊಮ್ಮೆ ಯಾರು ಹೋದರು ಎಂಬುದೂ ಚರಿತ್ರೆಯೇ.

ನಮ್ಮ ಥಲಸ್ಸೀಮಿಯಾದ ಹುಡುಗ ಈಗ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಹೊಸ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುತ್ತಿರುವುದು ಅವನೇ. ಈ ತಿಂಗಳ ಅವನ ಸರದಿ 18ಕ್ಕೆ, ಹೋಗುವವರು ಕಾಞಂಗಾಡಿನಿಂದ.